ನೋವು ಹೋಯಿತು, ಬಲ ಬಂತೇ?

ಮಂಡ್ಯದಲ್ಲಿ ಪದವಿ ಓದುತ್ತಿದ್ದಾಗ ಕಬಡ್ಡಿ ಆಡುತ್ತಾ ನನ್ನ ಬಲಭುಜದ ಕೀಲು ತಪ್ಪಿತು. ಅದನ್ನು ಕೂರಿಸಿ ಕೈಗೆ ಜೋಳಿಗೆ ಕಟ್ಟಿದರು. ನೋವು ಇಳಿಯಿತೆಂದು ಮೂರನೇ ವಾರಕ್ಕೇ ಮಳವಳ್ಳಿ ಕಡೆಯ ಹಬ್ಬದ ಪಂದ್ಯದಲ್ಲಿ ಆಡಿದೆ. ಮೊದಲ ರೈಡಿನಲ್ಲೇ ಕೀಲು ಮತ್ತೆ ತಪ್ಪಿತು. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದ್ದ ಮದ್ದೂರಿನ ನಮ್ಮಜ್ಜ ಒಂದೇ ಮಾತು ಕೇಳಿದರು: “ನೋವು ಹೋದ್ ಮಾತ್ರಕ್ಕೆ ಬಲ ಬಂದ್ಬುಡ್ತದೇನ್ಲಾ ಮಗ?”

ಈಗ ಈ ಸೀಮೆಯ ಕುಸ್ತಿಯ ಚರಿತ್ರೆ ಓದುವಾಗಲೂ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ್ದು ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದಲ್ಲಿ. ಒಡೆಯರ ಆಶ್ರಯದಲ್ಲಿ ಬೆಳೆದ ಗರಡಿಗಳಲ್ಲಿ ಹೊಸ ಹುಡುಗನನ್ನು ಬಂದ ದಿನವೇ ಜೋಡಿಗೆ ಬಿಡುತ್ತಿರಲಿಲ್ಲ. ಮೊದಲು ದಂಡ, ಬಸ್ಕಿ; ಆಮೇಲೆ ಹಗುರ ಗದೆ, ಭಾರದ ಗದೆ; ಕೊನೆಗೆ ಕುಸ್ತಿ. ಗದೆ ತಿರುಗಿಸುವ ಈ ವ್ಯಾಯಾಮವನ್ನು ಭಾರತದಲ್ಲಿ ಕಂಡ ಬ್ರಿಟಿಷರು ತಮ್ಮ ದೇಶಕ್ಕೂ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಅದು ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯೇ ಆಗಿತ್ತು.

ಆದರೆ ಗರಡಿಯದು ಗಟ್ಟಿ ಭುಜವನ್ನು ಇನ್ನಷ್ಟು ಗಟ್ಟಿ ಮಾಡುವ ವಿದ್ಯೆ. ಪೆಟ್ಟಾದ ಭುಜಕ್ಕೆ ಗದೆ ಕೊಟ್ಟರೆ ಕೇಡೇ ಹೆಚ್ಚು. ಭುಜದ ಕೀಲೆಂದರೆ ಸಣ್ಣ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಅದು ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ತಟ್ಟೆಯ ಅಂಚಿನ ಮೆದುಪಟ್ಟಿ. ಪದೇಪದೇ ಕೀಲು ತಪ್ಪುವವರಲ್ಲಿ ಆ ಅಂಚು ಹರಿದಿರುತ್ತದೆ ಎಂದು ಲಂಡನ್ನಿನ ಬ್ಯಾಂಕಾರ್ಟ್ 1923ರಲ್ಲಿ ಬರೆದರು. ಬಾಸ್ಟನ್ನಿನ ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆಯೇ ದೊಡ್ಡ ಪುಸ್ತಕ ಪ್ರಕಟಿಸಿದರು. ಮುಂದಕ್ಕೆ ಬಾಗಿ, ತೋಳನ್ನು ಇಳಿಬಿಟ್ಟು ಲೋಲಕದಂತೆ ಮೆಲ್ಲಗೆ ತೂಗುವ ವ್ಯಾಯಾಮ ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದಾದ ಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಬೆನ್ನಿನ ಹಲಗೆ ಮೂಳೆಯನ್ನು ಹಿಡಿತಕ್ಕೆ ತರುವುದು, ಎಸೆತದ ಅಭ್ಯಾಸ. ಆಟ ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ತಿಂಗಳುಗಳೇ ಬೇಕು.

ಮೈಸೂರಿನ ಜಾವಗಲ್ ಶ್ರೀನಾಥ್ ಅವರಿಗೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು. ವೆಸ್ಟ್ ಇಂಡೀಸ್ ಪ್ರವಾಸ ಕೈತಪ್ಪಿತು. ಅವರು ಕಾದರು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಅದೇ ತೋಳಿನಿಂದ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು. ಭಾರತ ಸೋತರೂ ಆ ಬೌಲಿಂಗ್ ಜನರ ನೆನಪಿನಲ್ಲಿ ಉಳಿಯಿತು.

ನಮ್ಮ ಹಳ್ಳಿಯ ಆಟಗಾರನಿಗೆ ಹೀಗೆ ಕಾಯಲು ಬಿಡುವವರು ಕಡಿಮೆ. ತಂಡಕ್ಕೆ ಒಬ್ಬ ಕಮ್ಮಿ, ಹಬ್ಬ ಹತ್ತಿರ, ಅವನಿಗೂ ಅವಸರ. ನನಗೂ ಅದೇ ಆಗಿತ್ತು. ಗದೆಯ ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದ ನಾಡಿನಲ್ಲಿ ಗಾಯವಾದ ಮೇಲೆ ಮಾತ್ರ ಆ ಮೆಟ್ಟಿಲುಗಳನ್ನು ಹಾರಿಬಿಡುತ್ತೇವೆ. ನಾನೀಗ ಕಬಡ್ಡಿ ಆಡುವುದಿಲ್ಲ; ಗ್ರಂಥಾಲಯದ ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯುವಾಗ ಎಡಗೈ ತಾನಾಗಿಯೇ ಮುಂದಾಗುತ್ತದೆ.