ಗಾಳಿಯ ಕಣ್ಣು: ಡ್ಯಾನಿಶ್ ಕಿಟಕಿಯ ಪದಮೂಲ

ಡ್ಯಾನಿಶ್ ಭಾಷೆಯಲ್ಲಿ ಕಿಟಕಿಗೆ ‘ವಿಂಡು’ ಎಂದು ಹೆಸರು. ಒಂದೇ ಪದದಂತೆ ತೋರುವ ಇದು ಮೂಲತಃ ಸಮಾಸಪದ. ಪ್ರಾಚೀನ ನಾರ್ಸ್ ಭಾಷೆಯ ‘ವಿಂಡ್‌ಔಗ’ ಇದರ ಪೂರ್ವರೂಪ. ‘ವಿಂಡ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಗಾಜಿಲ್ಲದ ಕಾಲದ ಮನೆಗಳಲ್ಲಿ ಗಾಳಿ ಬೆಳಕಿಗೆಂದು ಬಿಟ್ಟ ಕಿಂಡಿಯೇ ಈ ಕಣ್ಣು.

ಕಾಲಕ್ರಮೇಣ ಉತ್ತರಪದ ಸವೆಯಿತು. ಇಂದಿನ ಡ್ಯಾನಿಶ್‌ನಲ್ಲಿ ಕಣ್ಣಿಗೆ ‘ಓಯೆ’ ಎನ್ನುವುದರಿಂದ ಆ ಭಾಷಿಕರಿಗೂ ಸಮಾಸವು ಥಟ್ಟನೆ ಗೋಚರಿಸದು. ಜರ್ಮನ್ ಹಾಗೂ ಸ್ವೀಡಿಶ್ ಭಾಷೆಗಳು ಲ್ಯಾಟಿನ್ನಿನ ‘ಫೆನೆಸ್ತ್ರ’ ಮೂಲದ ಪದಗಳನ್ನು ಸ್ವೀಕರಿಸಿದರೆ, ಡ್ಯಾನಿಶ್ ತನ್ನ ಹಳೆಯ ಪದವನ್ನೇ ಉಳಿಸಿಕೊಂಡಿತು. ಮಧ್ಯಯುಗದಲ್ಲಿ ಇಂಗ್ಲಿಷ್‌ಗೆ ಸೇರಿದ ಅದೇ ನಾರ್ಸ್ ಪದ ‘ವಿಂಡೋ’ ಆಯಿತು.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಗವಾಕ್ಷ’ವೂ ಕಣ್ಣೇ, ಗೋವಿನ ಕಣ್ಣು. ಸಮಾಸಗಳು ಬೇರೆ ಬೇರೆಯಾಗಿ ಹುಟ್ಟಿದವು. ಕಲ್ಪನೆ ಮಾತ್ರ ಒಂದೇ.