ರಿಯೋ ನಗರದ ಕನ್ನಡಿ ಹೋಟೆಲು

ಕೊಲಂಬೊ ಅಂದರೆ ನಮಗೆ ಸಿಲೋನಿನ ಪಟ್ಟಣ. ಬ್ರೆಜಿಲಿನ ರಿಯೋ ಡಿ ಜನೈರೋದವರಿಗೆ ಅದೊಂದು ಹೋಟೆಲು. ಹೆಸರು ಕೊಲಂಬಸನದ್ದು. ಪೋರ್ಚುಗಲ್ಲಿನಿಂದ ವಲಸೆ ಬಂದವರು 1894ರಲ್ಲಿ ತೆರೆದದ್ದು. ಹೆಸರಿಗೆ ಮಿಠಾಯಿ ಅಂಗಡಿ, ಆದರೆ ಊಟವೂ ಉಂಟು.

ಒಳಗೆ ಗೋಡೆ ತುಂಬ ಬೆಲ್ಜಿಯಂನಿಂದ ತರಿಸಿದ ಭಾರೀ ಕನ್ನಡಿಗಳು. ಒಂದು ದೀಪ ಹಚ್ಚಿದರೆ ಹತ್ತು ಕಾಣಬೇಕು. ಅವುಗಳ ಚೌಕಟ್ಟು ಜಕರಂಡಾ ಮರದ್ದು. ಪಾರ್ಕಿನಲ್ಲಿ ನೀಲಿ ಹೂ ಬಿಡುವ ಜಕರಂಡಾ ಅಲ್ಲ, ಇದು ನಮ್ಮ ಬೀಟೆಯ ದಾಯಾದಿ. ಕವಿ ಒಲಾವೊ ಬಿಲಾಕ್ ಗೆಳೆಯರೊಂದಿಗೆ ಹರಟುತ್ತಿದ್ದದ್ದು ಈ ಹೋಟೆಲಿನಲ್ಲೇ. 1922ರಲ್ಲಿ ಮಾಳಿಗೆಯಲ್ಲೂ ಚಹಾದ ಕೋಣೆ ಆಯಿತು, ಮೇಲೆ ಬಣ್ಣದ ಗಾಜಿನ ಮಾಡು.

ಇಂಥ ಹಳೇ ಹೋಟೆಲುಗಳಲ್ಲಿ ಪೋರ್ಚುಗೀಸರ ಹೆಮ್ಮೆಯ ಅಡುಗೆ ಯಾವುದು ಗೊತ್ತೇ? ಒಣಮೀನು! ಉತ್ತರದ ಚಳಿ ಸಮುದ್ರದ ಕಾಡ್ ಮೀನನ್ನು ಉಪ್ಪು ಹಾಕಿ ಒಣಗಿಸುತ್ತಾರೆ. ಆಮೇಲೆ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಬಟಾಟೆ, ನೀರುಳ್ಳಿ, ಆಲಿವ್ ಎಣ್ಣೆ ಸೇರಿಸಿ ಬೇಯಿಸುತ್ತಾರೆ. ನಮ್ಮಲ್ಲಿ ನೆಂಟರು ಬಂದಾಗ ಒಣಮೀನಿನ ಡಬ್ಬಿ ಅಡಗಿಸುವವರುಂಟು. ಅಲ್ಲಿ ಅದೇ ಹಬ್ಬದೂಟ. ಜೊತೆಗೆ ಬ್ರೆಜಿಲಿನ ಫೆಜೊವಾದ: ಕಪ್ಪು ಬೀನ್ಸ್ ಕಾಳು, ಹಂದಿಮಾಂಸ ಒಟ್ಟಿಗೆ ಗಂಟೆಗಟ್ಟಲೆ ಬೇಯಿಸಿದ್ದು, ಮೇಲೆ ಹುರಿದ ಮರಗೆಣಸಿನ ಹುಡಿ. ಒಡೆಯರು ಬಿಟ್ಟ ಮಾಂಸದ ಚೂರುಗಳಿಂದ ಗುಲಾಮರು ಮಾಡಿಕೊಂಡ ಅಡುಗೆ ಇದು ಎಂಬ ಕತೆ ಪ್ರಸಿದ್ಧ. ಇತಿಹಾಸಕಾರರು ಒಪ್ಪುವುದಿಲ್ಲ. ಯುರೋಪಿನ ಹಳೇ ಅಡುಗೆ ಕ್ರಮಕ್ಕೆ ಅಮೆರಿಕದ ಕಾಳು ಸೇರಿದ್ದು ಎನ್ನುತ್ತಾರೆ.

ಗುಲಾಮರ ಕತೆ ಮಾತ್ರ ಸುಳ್ಳಲ್ಲ. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು, ಈ ಹೋಟೆಲು ತೆರೆಯುವುದಕ್ಕೆ ಬರೇ ಆರು ವರ್ಷ ಮೊದಲು. ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ. 1903ರ ನಂತರ ಮೇಯರ್ ಪೆರೇರಾ ಪಾಸೊಸ್ ರಿಯೋವನ್ನು ಪ್ಯಾರಿಸ್ ಮಾಡಹೊರಟು, ಅಗಲ ರಸ್ತೆಗಾಗಿ ಪೇಟೆಯ ನಡುವಿನ ಬಡವರ ಬಿಡಾರಗಳನ್ನು ಕೆಡವಿಸಿದ. ಎಷ್ಟೋ ಮಂದಿ ಗುಡ್ಡ ಹತ್ತಿ ಗುಡಿಸಲು ಕಟ್ಟಿದರು. ಕೊಲಂಬೊದ ಕನ್ನಡಿಗಳು ಬಂದದ್ದು ಅದಾದ ಮೇಲೆ. ಹೋಟೆಲಿನ ಅಂದವನ್ನು ವರ್ಣಿಸುವವರು ಇಷ್ಟನ್ನು ನುಂಗಿಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ನಮಗೂ ಆ ಊರಿಗೂ ಕೊಡುಕೊಳ್ಳುವಿಕೆ ಹಳತು. ಗುಡ್ಡದ ಗೇರು, ತೋಟದ ಅನನಾಸು ಪೋರ್ಚುಗೀಸರ ಹಡಗಿನಲ್ಲಿ ಇತ್ತ ಬಂದವು. ಇಲ್ಲಿಂದ ಮಾವು, ಹಲಸು ಅತ್ತ ಹೋದವು. ಮಲಯಾಳದ 'ಚಕ್ಕ' ಅವರ ಬಾಯಲ್ಲಿ 'ಜಾಕ' ಆಯಿತು. ರಿಯೋ ನಗರದೊಳಗಿನ ತಿಜುಕಾ ಕಾಡಿನಲ್ಲಿ ಈಗ ಹಲಸು ಎಷ್ಟು ಹಬ್ಬಿದೆ ಅಂದರೆ, ಅಲ್ಲಿನ ಅರಣ್ಯದವರ ಲೆಕ್ಕದಲ್ಲಿ ಅದೊಂದು ಕಳೆ.