ಪಾಠಕ್ಕೆ ಮುನ್ನ ಪಾಠ ವೀಕ್ಷಣೆ

ಪಾಠ ಮಾಡುವ ಮುನ್ನ ಪಾಠ ನೋಡಿ ಕಲಿಯುವ ಕ್ರಮ ಅಮೆರಿಕದ ಸರ್ಕಾರಿ ಶಿಕ್ಷಕ ತರಬೇತಿಯಲ್ಲಿ ಬೇರುಬಿಟ್ಟದ್ದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ. 1839ರ ಜುಲೈ 3ರಂದು ಅಲ್ಲಿ ತೆರೆದ ನಾರ್ಮಲ್ ಶಾಲೆಗೆ (ಶಿಕ್ಷಕ ತರಬೇತಿ ಶಾಲೆಗೆ) ಮೊದಲ ದಿನ ಬಂದವರು ಮೂವರು ಯುವತಿಯರು ಮಾತ್ರ. ಪ್ರಾಂಶುಪಾಲ ಸೈರಸ್ ಪಿಯರ್ಸ್ ಅದೇ ವರ್ಷ ಊರ ಮಕ್ಕಳಿಗಾಗಿ ಮಾದರಿ ಶಾಲೆಯನ್ನೂ ಆರಂಭಿಸಿದರು. ದಿನಕ್ಕೆರಡು ಬಾರಿ ಅಲ್ಲಿಗೆ ಹೋಗಿ, ಪ್ರಶಿಕ್ಷಣಾರ್ಥಿ ಪಾಠ ಮಾಡುವುದನ್ನು ಕೂತು ಗಮನಿಸುತ್ತಿದ್ದರು. ಕೆಲವೊಮ್ಮೆ ತರಗತಿಯನ್ನು ತಾವೇ ವಹಿಸಿಕೊಂಡು, ಆಕೆಯನ್ನು ಕೇಳುಗಳಾಗಿ ಕೂರಿಸುತ್ತಿದ್ದರು. ಉಪನ್ಯಾಸದಿಂದ ದಕ್ಕದ ಕಸುಬು ಹೀಗೆ ಕಣ್ಣಿಗೆ ಬೀಳುತ್ತಿತ್ತು.

ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜಿನ ಆವರಣದಲ್ಲೂ ಹೀಗೆ ಪಾಠ ನೋಡಿ ಕಲಿಯಲು ಪ್ರಾತ್ಯಕ್ಷಿಕೆ ಶಾಲೆಯಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿ, ಶಾಲಾನುಭವಕ್ಕೆ ಕನಿಷ್ಠ 20 ವಾರ ಮೀಸಲಿಟ್ಟಿತು. ತಡವಾದರೂ ಇದು ಸರಿಯಾದ ನಿರ್ಧಾರ.